ಹಾ ಅಂದರ ಐದು

ಅವರ ಮಾತಿನಾಗ ಕೋಳಿಗೆ ಕೈ ಅಂತಾರಂತ,
ಪಿಂಗ್ ಅಂದರ ಕೆಂಡದ ಮ್ಯಾಲ ಸುಡೂದು.
ಇಷ್ಟ ಹೇಳಿ ನನ್ನ ಗಂಡ ಭೀಮಸಿ
ಮೂರು ದಿನದಿಂದ ಮಜ್ಜಿಗಿ ಹುಲ್ಲು ಹುಡುಕತಾನ.
"ಕೈ ಸುಡೂದ ಕಲಿಯಾಕ ಅಷ್ಟು ದೂರ ಹೋಗಿದ್ದೇನು?"
ಅತ್ತಿ ಕೇಳಿದಳು, ಎಲಿ ದವಡ್ಯಾಗಿಟ್ಟು.
"ಇಲ್ಲೇ ಎರಡು ಸಲ ಸುಟಗೊಂಡಿ,
ಟಂಟಂ ತಗೊಂಡಾಗ ಒಮ್ಮೆ,
ಚೀಟಿ ಎತ್ತಿದಾಗ ಒಮ್ಮೆ."

ಹನ್ನೊಂದು ತಿಂಗಳು ಲಾವೋಸಿನಾಗಿದ್ದ.
ನೆಲಕ್ಕ ಕುಂತ ಗುಡಿಯೊಂದನ್ನ
ಕಲ್ಲಿಗೊಂದು ನಂಬರ ಬರದು ಬಿಚ್ಚಿ
ಮತ್ತ ಹಂಗ ಕೂಡಿಸೂ ಕೆಲಸ.
ದೇಶ ಹೆಂಗೈತಿ ಅಂದರ
"ಹೊಳಿ ದೊಡ್ಡದು" ಅಂತಾನ. ಮುಗೀತು.
ಗುಡಿ ಅಂದರ
"ಕಲ್ಲು ಮೆತ್ತಗ, ನಮ್ಮ ಬಾದಾಮೀದಕಿಂತ."
ಬೂನ್‌ಮಿ ಅನ್ನಾಂವ ಇವನ ಜೋಡಿ.
ಒಂದ ಕಲ್ಲಿನ ಎರಡು ತುದಿ ಹಿಡದ ಆ ಇಬ್ಬರ ನಡುವ
ಇದ್ದದ್ದು ನಾಕ ಮಾತು:
ಎತ್ತು, ಇಳಿಸು, ತಡಿ, ಉಣ್ಣು.

ಹುಲ್ಲು ಕಡೀಕ ಸಿಕ್ಕಿದ್ದು
ಇನಾಮದಾರ ಡಾಕ್ಟರ ದವಾಖಾನಿ ಹಿತ್ತಲದಾಗ.
ಕಷಾಯಕ್ಕಂತ ಬೆಳಸ್ಯಾರ.
ಕಂಪೌಂಡರನ ಮುಂದ ಸುಳ್ಳು ಕೆಮ್ಮಿ
ಒಂದು ಹಿಡಿ ತಂದೆ.
ಕೊತ್ತಂಬರಿ ಬೇರು ಬೇಕಂದಾಗ
ಸಂತ್ಯಾಗ ಮೆಹಬೂಬಿ ನಕ್ಕಳು:
"ಸೊಪ್ಪು ಬಿಟ್ಟು ಬೇರು ಕೇಳೂ ಗಿರಾಕಿ ನೀನ ಮೊದಲು."
ರೊಕ್ಕ ಹಿಡೀಲಿಲ್ಲ. ಮಣ್ಣಷ್ಟು ನೀನ ತೊಳಕೊ ಅಂದಳು.

ಮೀನಿನ ನೀರು ಬೇಕಂದ,
ಉಪ್ಪಿನಾಗ ವರ್ಷಗಟ್ಟಲೆ ಕರಗಿದ ಮೀನಿಂದು, ಬಾಟಲಿದು.
ಯಾರ ಮಾರತಾರ ಇಲ್ಲಿ ಅದನ್ನ?
ಕಾರವಾರ ಕಡೆಯಾಕಿ ಹತ್ತರ ಒಣ ಸೀಗಡಿ ಇತ್ತು.
ಹುರದು, ಕಲ್ಲುಪ್ಪಿನ ಜೋಡಿ ಕುದಿಸಿ, ಸೋಸಿದೆ.
ಓಣಿ ಬೆಕ್ಕೆಲ್ಲಾ ಬಂದು
ಬಾಗಿಲಾಗ ಪಂಚಾಯ್ತಿ ಕುಂತವು.

ಬಳ್ಳೊಳ್ಳಿ, ಮೆಣಸು, ಬೇರು, ಹುಲ್ಲಿನ ಬಿಳಿ ಬುಡ.
ಮಿಕ್ಸರ್ ಬ್ಯಾಡಂತ.
ಒಳ್ಳಿನ ಮುಂದ ತಾನ ಕುಂತ,
ಸುತ್ತಿಗಿ ಹಿಡದಂಗ ಗುಂಡು ಹಿಡಕೊಂಡು.
ಎರಡು ಸಣ್ಣ ಏಟು, ಒಂದು ಉಸಿರು ತಡದು, ಮತ್ತೆರಡು.
ಲಗ್ನಾಗಿ ಹತ್ತೊಂಬತ್ತು ವರ್ಷ,
ಆ ಸಪ್ಪಳ ನಾ ಕೇಳಿದ್ದು
ಬುತ್ತಿ ಒಯ್ದಾಗ, ಖಣಿಯ ದಂಡಿಗೆ ನಿಂತು.
ಇವತ್ತ ಅದು ನನ್ನ ಅಡಗಿ ಮನ್ಯಾಗ.

ರಾತ್ರಿಯೆಲ್ಲಾ ಮಸಾಲ್ಯಾಗ ಮಲಗಿದ ಜವಾರಿ ಕೋಳಿ,
ಎದಿ ಸೀಳಿ ಅಗಲಾಗಿ,
ಮೇದಾರ ಯಂಕಣ್ಣ ಸೀಳಿಕೊಟ್ಟ ಬಿದರಿನ ನಡುವ ಸಿಕ್ಕು
ಸಂಜೀಕ ಮಾಳಗಿ ಏರಿತು.
ಎರಡು ಕೆಂಪು ಕಲ್ಲು, ಇಸ್ತ್ರಿ ಅಂಗಡಿ ಇದ್ದಲಿ.
ಹಗಲೆಲ್ಲಾ ಬಿಸಲು ಕುಡದ ಗುಡ್ಡ
ಈಗ ನಮ್ಮ ಮಾರಿಗೆ ಉಸಿರು ಬಿಡತಿತ್ತು.
ಗ್ವಾಡಿ ಮ್ಯಾಲ ಏಳು ಮಂಗ್ಯಾ ಸಾಲಾಗಿ,
ಕೋಳಿ ಬ್ಯಾಡ ಅವಕ್ಕ, ರೊಟ್ಟಿ ಬುಟ್ಟಿ ಮ್ಯಾಲ ಕಣ್ಣು.

ಕೆಂಡದ ಹದ ನೋಡೂದು ಹೆಂಗ?
ಅಂಗೈ ಮ್ಯಾಲ ಹಿಡದು ಅವರಂಗ ಎಣಿಸಬೇಕು:
ನೂಂಗ್, ಸಾಂಗ್, ಸಾಮ್, ಸೀ, ಹಾ.
ಹಾ ಅಂದರ ಐದು.
ಹಾ ಅಂದಾಗ ಕೈ ತಾನ ಹಿಂದ ಬಂದರ ಬೆಂಕಿ ಸರಿ.
ನಾ ಸಾಂಗಿಗೇ ತಗದೆ.
ಅವನ ಕೈ ಐದು ದಾಟಿದರೂ ಅಲ್ಲೇ ಇತ್ತು,
ಆ ತೊಗಲಿಗೆ ಬೆಂಕಿಯ ಸುದ್ದಿ ತಡಾಗಿ ಮುಟ್ಟತೈತಿ.
ನಾನ ಹಿಡದು ಜಗ್ಗಿದೆ.

ಅಂಟು ಅಕ್ಕಿ ಅನ್ನ ಎಲ್ಲಿ ತರೂದು? ಜ್ವಾಳದ ರೊಟ್ಟಿ.
ಮೊದಲ ತುತ್ತು ನುಂಗಿ ಸುಮ್ಮನ ಕುಂತ.
ಸೀಗಡಿ ನೀರು ಕೆಟ್ಟಿತೇನ ಅಂತ ನನಗ ದಿಗಿಲು.
"ಕಡೀಕ ಒಂದು ಕಲ್ಲು ಉಳೀತು" ಅಂದ.
ಯಾವ ಕಲ್ಲು?
"ಗುಡೀದು. ನಂಬರ ಅಳಿಸಿ ಹೋಗಿತ್ತು.
ಎಲ್ಲಾ ಕೂಡಿಸಿದಿವಿ, ಅದರ ಜಾಗಾ ಸಿಗಲಿಲ್ಲ.
ಬರೂ ಮುಂಚಿನ ರಾತ್ರಿ
ಅದರ ಮ್ಯಾಲ ಕುಂತ ತಿಂದಿವಿ ಇದನ್ನ,
ನಾನೂ, ಬೂನ್‌ಮೀನೂ."
ಬಂದ ಮ್ಯಾಲ ಅವ ಆಡಿದ
ಎಲ್ಲಕ್ಕೂ ಉದ್ದನ ಮಾತು ಅದು.

ಅತ್ತಿ ಎರಡನೇ ಕಾಲಿಗೆ ಕೈ ಹಾಕಿದ್ದಳು.
"ಉಪ್ಪು ಮುಂದಾಗೈತಿ.
ಅಲ್ಲೋ, ಕೋಳಿಗೆ ಕೈ ಅಂದರ
ಕೋಳಿ ಕಾಲಿಗೆ ಏನಂತಾರ ಅವರು?"
ಕೇಳಿಲ್ಲ ಅಂದ.
"ಕೇಳಿಲ್ಲಂದರ
ಫೋನ್ ಹಚ್ಚು ಅವಗ."