ನುಂಗಿದ ಮೇಲೆ ಒಂದು ಮಾತು

ಗ್ರಿಮ್ಸ್‌ಬಿಯ ಫ್ರೀಮನ್ ಬೀದಿಯಲ್ಲಿ ನನ್ನ ಔಷಧಿ ಅಂಗಡಿ.
ಒಂಬತ್ತಕ್ಕೆ ಶಟರು ಅರ್ಧ ಏಳುವಷ್ಟರಲ್ಲಿ
ಬಗ್ಗಿ ಒಳಬರುವವನು ಗ್ಯಾರತ್ ಮಂಬಿ.
ಮುಂಬಯಿಗೂ ನನಗೂ ಸಂಬಂಧವಿಲ್ಲ,
ಮೊದಲ ದಿನವೇ ಹೇಳಿದ್ದ.

ಸಣ್ಣ ಲೋಟದಲ್ಲಿ ಐವತ್ತು ಮಿಲಿ ಹಸಿರು ಮೆಥಡೋನ್,
ಹಿಂದೆಯೇ ನೀರು.
ಆಮೇಲೆ ಮಾತಾಡಿಸಬೇಕು, ಅದು ನಿಯಮ:
ಬಾಯಲ್ಲೇ ಇಟ್ಟುಕೊಂಡು ಹೊರಗೆ ಹೋಗಿ
ಉಗುಳಿ ಮಾರುವವರಿದ್ದಾರೆ.
ಮಾತು ಬಂತೆಂದರೆ ಮದ್ದು ಇಳಿದಿದೆ.

ಹವಾಮಾನ ಎರಡು ವಾರಕ್ಕೆ ಮುಗಿಯಿತು.
ಮೂರನೇ ವಾರ ಅವನ ಕಂಕುಳಲ್ಲಿ ಒಂದು ಕಾದಂಬರಿ,
ಲೈಬ್ರರಿಯದು, ಬೆನ್ನು ಬಿಟ್ಟದ್ದು.
ನಾಲ್ವರು ಒಂದೇ ಮನೆಯಲ್ಲಿ ಸೂಜಿ ಹಿಡಿದು
ಪಾತಾಳ ಸೇರುವ ಕಥೆಯಂತೆ.
ದಿನಕ್ಕೊಂದು ಗುಟುಕು, ದಿನಕ್ಕೊಂದು ಅಧ್ಯಾಯದ ವರದಿ.

"ಟ್ರೆವ್ ತಮ್ಮನ ಬ್ಯಾಂಕ್ ಕಾರ್ಡು ಕದ್ದ."
"ಡೀಲಿಯಾಗೆ ಇವತ್ತು ಎರಡು ಹಲ್ಲು ಹೋಯಿತು."
ಕೆಮ್ಮಿನ ಸಿರಪ್ಪಿಗೆ ಬಂದ ಮುದುಕಿಯೊಬ್ಬಳು
"ಪಾಪ ಡೀಲಿಯಾ, ಯಾವ ಬೀದಿಯವಳು?" ಎಂದಳು.

ಒಂದು ದಿನ ಸಿಟ್ಟು ಬಂದಿತ್ತು ಅವನಿಗೆ.
"ಪುಟಪುಟಕ್ಕೂ ಇಳಿದರು, ಇಳಿದರು ಅಂತ ಬರೀತಾನೆ,
ಇವನಿಗೇನು ಗೊತ್ತು? ಮೆಟ್ಟಿಲಿದ್ದಿದ್ದರೆ
ಯಾರಾದರೂ ಎಣಿಸುತ್ತಿರಲಿಲ್ಲವೆ?
ಕ್ಲೀಥಾರ್ಪ್ಸ್ ಕಡಲು ನೋಡಿದ್ದೀರಲ್ಲ, ಇಳಿತದ ಹೊತ್ತು,
ಮೈಲುಗಟ್ಟಲೆ ಮರಳು, ರೊಟ್ಟಿಯ ಹಂಚಿನ ಹಾಗೆ ಸಪಾಟು."
ಹಂಚು ನನ್ನದು, ಅವನು ಬೇರೇನೋ ಅಂದಿದ್ದ.
"ನಡೀತೀರಿ. ಬಿಸಿಲಿದೆ. ಪಾದಕ್ಕೆ ತಂಪು.
ನೀರಿನೊಳಗಿನ ಹಳೇ ಕೋಟೆ ಕೈಗೆ ಸಿಕ್ಕೀತು ಅನ್ನಿಸುತ್ತೆ.
ನೀರು ಮುಂದಿನಿಂದ ಬರಲ್ಲ ಮೇಡಂ,
ಕಾಲುವೆ ಹಿಡಿದು ಬೆನ್ನ ಹಿಂದಿನಿಂದ ಬರುತ್ತೆ.
ತಿರುಗಿದರೆ ದಡ ಅಲ್ಲೇ ಇರುತ್ತೆ,
ಐಸ್‌ಕ್ರೀಮ್ ಗಾಡಿಯ ಬಣ್ಣ ಕೂಡ ಕಾಣುತ್ತೆ."

ಡೀಲಿಯಾ ಮಗಳ ಸೈಕಲ್ಲು ಮಾರುವಲ್ಲಿ
ಲೇಖಕ ಎರಡು ಪುಟ ಮಳೆ ಸುರಿಸಿದ್ದಾನಂತೆ.
"ನಾನು ಮಾರಿದ ದಿನ ಮಳೆ ಇರಲಿಲ್ಲ.
ಬೆಲ್ಲು ಮಾತ್ರ ಬಿಚ್ಚಿ ಇಟ್ಟುಕೊಂಡೆ.
ಯಾಕೆ ಅಂತ ಕೇಳಬೇಡಿ."
ಕೇಳಲಿಲ್ಲ.

ನಿಮ್ಮ ಭಾಷೆಯಲ್ಲಿ ಇದಕ್ಕೇನಂತಾರೆ ಎಂದ.
ಚಟ, ಎಂದೆ.
"ಚ್ಯಾಟ್? ಹರಟೆ?" ನಕ್ಕ. ಹಲ್ಲು ಹಸಿರಾಗಿತ್ತು.
ಟಕಾರಕ್ಕೆ ಇನ್ನೊಂದು ಟ ಒತ್ತು ಕೊಟ್ಟರೆ
ನಾಲ್ವರು ಹೊರುವ ಬಿದಿರಾಗುತ್ತದೆ ಎಂದು ಹೇಳಲಿಲ್ಲ.
ನಮ್ಮ ಶಾಲೆಯ ಗೋಡೆಯ ಮೇಲೆ ಬರೆಸಿದ್ದ ಪ್ರಾಸ ಅದು;
ಬರೆಸಿದ ಮೇಷ್ಟ್ರು ಅದೇ ಗೋಡೆಗೆ ಒರಗಿ
ಬೀಡಿ ಸೇದುತ್ತಿದ್ದರು.

ಸೋಮವಾರ ಪುಸ್ತಕ ಕೌಂಟರಿನ ಮೇಲೆ ಬಿಟ್ಟ.
ಇನ್ನೂರ ಹನ್ನೆರಡನೇ ಪುಟದಲ್ಲಿ ಗುರುತಿಗೆ ನಮ್ಮದೇ ಲೇಬಲ್ಲು:
ಮಂಬಿ ಜಿ. ನಿದ್ದೆ ಬರಬಹುದು. ವಾಹನ ಓಡಿಸಬೇಡಿ.
"ಉಳಿದದ್ದು ನೀವೇ ಓದಿ.
ಯಾರು ಬದುಕುತ್ತಾರೆ ಅಷ್ಟು ಹೇಳಿ ಸಾಕು."

ಮಂಗಳವಾರ ಬರಲಿಲ್ಲ. ಬುಧವಾರ.
ಗುರುವಾರ ಸಂಜೆ ಕ್ಲಿನಿಕ್ಕಿಗೆ ಫೋನು ಮಾಡಿದೆ.
ಮೂರು ದಿನ ತಪ್ಪಿದರೆ ಮೈ ಮರೆತಿರುತ್ತದೆ,
ಮೊನ್ನೆಯ ಅಳತೆಯೇ ನಾಳೆಗೆ ವಿಷ; ಕೊಡುವಂತಿಲ್ಲ.
ಆಚೆಯವಳು ಹೆಸರಿನ ಸ್ಪೆಲಿಂಗು ಕೇಳಿದಳು,
ಎರಡು ಸಲ.

ರಾತ್ರಿ ಕಾದಂಬರಿ ಮುಗಿಸಿದೆ.
ಯಾರು ಬದುಕಿದರೆಂದು ಹೇಳಿಬಿಟ್ಟಿದ್ದಾನೆ ಲೇಖಕ,
ಕೊನೆಯ ಪುಟದ ಕೊನೆಯ ಸಾಲಿನಲ್ಲಿ,
ಎಷ್ಟು ಸಲೀಸಾಗಿ.

ಶುಕ್ರವಾರ. ಶಟರನ್ನು ಅರ್ಧಕ್ಕೇ ನಿಲ್ಲಿಸಿದ್ದೇನೆ.
ಒಂಬತ್ತೂ ಹತ್ತು.
ಕಡಲು ಇಳಿತವೋ ಭರತವೋ
ಪಟ್ಟಿ ನೋಡಿದರೆ ತಿಳಿಯುತ್ತದೆ, ನೋಡಿಲ್ಲ.
ಬದುಕಿದವರ ಹೆಸರು ನಾಲಿಗೆಯ ಮೇಲಿದೆ,
ಬಾಯಲ್ಲೇ ಇಟ್ಟುಕೊಂಡಿದ್ದೇನೆ,
ನುಂಗಿಲ್ಲ.