ಮೇಜಿನ ಕೆಳಗೆ ಮೂವತ್ತೈದು ನಿಮಿಷ

ಬಿಲ್ಲು ಬಂದದ್ದು ಮಾರ್ಚಿನಲ್ಲಿ, ಹಳದಿ ಲಕೋಟೆ,
ಮೂಲೆಯಲ್ಲಿ ಕಾಫಿ ಲೋಟದ ಉಂಗುರ.
ಮನಶ್ಶಾಸ್ತ್ರಜ್ಞ ಹರ್ಷೆಲ್ ಪ್ರಾಟರ್
ಕಲ್ಲಿದ್ದಲು ತೆಗೆದು ಬಿಟ್ಟ ಗುಡ್ಡಗಳ ಆ ಕೌಂಟಿಗೆ
ಹೋಗಿ ಬಂದದ್ದು ನೂರಾ ಹನ್ನೆರಡು ಮೈಲಿ,
ನ್ಯಾಯಾಧೀಶರು ಹೇಳಿದರೆಂದು:
ತಾಯಿ ಡೆಲ್ಫಿಯಾ ಸ್ಟಿಲ್ಟ್‌ನರ್, ಮಗ ವೆಂಡೆಲ್, ಆರು ವರ್ಷ.
ಇಬ್ಬರನ್ನೂ ನೋಡಿ.
ಮತ್ತೆ ಒಂದೇ ಸೂರಿನಡಿ ಬಿಡಬಹುದೇ, ಹೇಳಿ.

ಕನಾವಾ ನದಿ ಕಾಣುವ ಮೂರನೆಯ ಮಹಡಿಯಲ್ಲಿ
ಹೇಳಿದ್ದಕ್ಕೆಲ್ಲ ಬೆಲೆ ಕಟ್ಟುವವಳು ನಾನು.
ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ,
ಆ ಪೂಜಾರಿ, ಹತ್ತೊಂಬತ್ತು ವರ್ಷದಿಂದ.
ಕೈಯಲ್ಲಿ ಗಂಟೆಯಿಲ್ಲ, ಕೆಂಪು ಪೆನ್ನಿದೆ.

ತಾಯಿಯ ಸಂದರ್ಶನ, ಎರಡು ಗಂಟೆ. ಸರಿ.
ವರದಿ, ಹದಿನಾಲ್ಕು ಪುಟ. ಸರಿ, ಹತ್ತಕ್ಕೆ ಮಾತ್ರ.
ಪ್ರಯಾಣ: ಮೈಲಿಗೆ ಉಂಟು, ಹೊತ್ತಿಗೆ ಇಲ್ಲ.
ಕೋರ್ಟಿನ ಮೊಗಸಾಲೆಯಲ್ಲಿ ಕಾದದ್ದು, ಮೂರು ಗಂಟೆ:
ಕಾಯುವುದಕ್ಕೆ ನಮ್ಮ ದರಪಟ್ಟಿಯಲ್ಲಿ ಸಾಲಿಲ್ಲ.
(ಇದ್ದಿದ್ದರೆ ಮೊದಲ ಚೆಕ್ಕು
ವೆಂಡೆಲ್‌ನ ಹೆಸರಿಗೇ ಬರೆಯಬೇಕಿತ್ತು.)

ಆಮೇಲೆ, ಟೈಪು ಮಾಡದೆ, ಕೈಯಲ್ಲೇ ಬರೆದ ಒಂದು ಸಾಲು:
“ಹುಡುಗ ಮೇಜಿನ ಕೆಳಗೆ ಹೋದ. ನಾನೂ ಹೋದೆ.
ಮೂವತ್ತೈದು ನಿಮಿಷ.”

ಎಂಟು ಪುಟದ ಸಂಕೇತಗಳನ್ನು ತಿರುವಿ ಹಾಕಿದೆ.
ಮೂತ್ರಪರೀಕ್ಷೆಗೆ ಒಂದಿದೆ, ಕೂದಲಿನದಕ್ಕೆ ಬೇರೆ,
ಸಾಕ್ಷಿ ಹೇಳಿದರೆ ಅರ್ಧ ದಿನ, ಇಡೀ ದಿನ.
ಮೇಜಿನ ಕೆಳಗೆ ಕೂತರೆ ಏನೂ ಇಲ್ಲ.
ವಾಪಸು ಕಳಿಸಿದೆ.
ಆದೇಶದ ಪ್ರತಿ ಲಗತ್ತಿಸಿಲ್ಲ ಎಂದು ಬೇರೆ ಬರೆದೆ.
ಲಗತ್ತಿಸಿದ್ದರು; ಆ ಕಾಫಿಯ ಅಂಟಿಗೆ
ಹಿಂದಿನ ಹಾಳೆಯ ಬೆನ್ನಿಗೆ ಹತ್ತಿಕೊಂಡಿತ್ತು.
ನನಗದು ಕಂಡದ್ದು ಮೇ ತಿಂಗಳಲ್ಲಿ.

ಅಷ್ಟರಲ್ಲಿ ಇಲಾಖೆ ಅಂದಿತು:
ಆದೇಶ ಕೋರ್ಟಿನದು, ಖರ್ಚೂ ಕೋರ್ಟಿನದೇ.
ಕೋರ್ಟು ಅಂದಿತು:
ಮಗು ಇಲಾಖೆಯ ವಶದಲ್ಲಿದೆ, ಋಣವೂ ಅದರದೇ.
ಎರಡು ಕಟ್ಟಡಗಳ ನಡುವೆ ಒಂದು ರಸ್ತೆ,
ಹಸಿರು ದೀಪ ಬಿದ್ದರೆ ಇಪ್ಪತ್ತು ಹೆಜ್ಜೆ.
ಬಿಲ್ಲು ಅದನ್ನು ದಾಟಿದ್ದು ಒಂಬತ್ತು ವಾರಕ್ಕೆ.

ಏಪ್ರಿಲಿನ ವಿಚಾರಣೆಗೆ ಡಾಕ್ಟರು ಬರಲಿಲ್ಲ.
ಜೂನಿಗೆ ಹಾಕಿದರು. ಜೂನಿನಲ್ಲಿ ನ್ಯಾಯಾಧೀಶರಿಗೆ ಹರ್ನಿಯಾ.
ಆಗಸ್ಟು.
ವೆಂಡೆಲ್ ಮೂರನೆಯ ಸಾಕುಮನೆಗೆ ಹೋದ.
ದಾರಿಯಲ್ಲಿ ಹಲ್ಲು ಬಿತ್ತೆಂದು, ಅದನ್ನು ಹುಡುಕಲು ವ್ಯಾನು ನಿಲ್ಲಿಸಿದೆನೆಂದು,
ಸಾಗಾಣಿಕೆ ಬಿಲ್ಲಿನ ಷರಾದಲ್ಲಿ ಚಾಲಕ ಬರೆದಿದ್ದ.
ಸಿಕ್ಕಿತೋ ಇಲ್ಲವೋ ಬರೆದಿರಲಿಲ್ಲ.
ನಿಲ್ಲಿಸಿದ ಹೊತ್ತನ್ನು ಕಳೆದೆ.

ಕೊನೆಗೆ ನಾನೇ ಫೋನು ಮಾಡಿದೆ.
ವಿವರ ಬೇಕಿತ್ತು ಡಾಕ್ಟ್ರೇ, ಆ ಮೇಜಿನ ಕೆಳಗೆ
ಏನು ಸೇವೆ ಅಂತ ಬರೆಯಲಿ?
ಆ ಕಡೆ ನಾಯಿ ಬೊಗಳುತ್ತಿತ್ತು. ಸುಮ್ಮನಿರಿಸಿ ಬಂದರು.
“ತಿರುಪು ಎಣಿಸಿದೆವು ಕಣಮ್ಮ.
ಹನ್ನೊಂದಿದ್ದವು. ಹನ್ನೆರಡಿರಬೇಕಿತ್ತು.
ಒಂದು ಕಳೆದುಹೋದರೂ ಮೇಜು ನಿಲ್ಲುತ್ತಾ ಅಂದ.
ನಿಂತಿದೆಯಲ್ಲ ಅಂದೆ.
ನಂಬದೆ ಅಲ್ಲಾಡಿಸಿ ನೋಡಿದ.
ಆ ದಿನ ಅವನು ಆಡಿದ್ದು ಅದೊಂದೇ ಮಾತು.”

ಬರೆದುಕೊಂಡೆ: ಮೌಲ್ಯಮಾಪನ, ಮಗು, ಅರ್ಧ ಗಂಟೆ. ಮಂಜೂರು.
ಉಳಿದ ಐದು ನಿಮಿಷ ನಿಯಮದಂತೆ ಕಡಿತ.
ಹುಡುಗ ಬಾಯಿ ಬಿಟ್ಟದ್ದು ಯಾವ ಐದು ನಿಮಿಷದಲ್ಲೋ.

ಸೆಪ್ಟೆಂಬರಿನಲ್ಲಿ ಚೆಕ್ಕು ಹೋಯಿತು.
ಬದಲಿಗೆ ಒಂದು ಕಾರ್ಡು ಬಂತು, ಎರಡೇ ಸಾಲು:
ತಲುಪಿತು. ಆ ಕಡೆಯ ಕೇಸು ಇನ್ನು ನನಗೆ ಬೇಡ.
ತಜ್ಞರ ಪಟ್ಟಿ ತೆಗೆದು ಹೆಸರು ಹೊಡೆದೆ.
ಆ ಕೌಂಟಿಯ ಹಾಳೆಯಲ್ಲೀಗ
ಉಳಿದದ್ದು ತಲೆಬರಹ ಮಾತ್ರ.

ಸಂಜೆ ಪೆನ್ನು ಉರುಳಿ ಕೆಳಗೆ ಬಿತ್ತು.
ಬಗ್ಗಿದೆ. ಮಂಡಿಯೂರಿದೆ.
ತಲೆಯೆತ್ತಿದರೆ ನನ್ನ ಮೇಜಿನ ಹೊಟ್ಟೆ,
ಯಾರೋ ಅಂಟಿಸಿದ ಹಳೆಯ ಚೂಯಿಂಗ್ ಗಮ್ಮು, ಸಾಲಾಗಿ ತಿರುಪು.
ಎಣಿಸಲಿಲ್ಲ. ಆರರ ಬಸ್ಸಿತ್ತು.