ಕೆರಿ ಕೇಕು

ಮೊದಲನೇ ಕೇಕು ಕುಕ್ಕರಿನ್ಯಾಗ, ಉಸುಕಿನ ಮ್ಯಾಲ.
ಸೀಟಿ ತಗದಿದ್ದೆ, ರಬ್ಬರ್ ತಗಿಯೂದು ಮರತಿದ್ದೆ.
ಎಂಟು ದಿನ ಆ ವಾಸನಿ
ಅನ್ನದಾಗ, ಬ್ಯಾಳ್ಯಾಗ, ಜಗಲಿ ಮ್ಯಾಲಿನ ವಿಭೂತ್ಯಾಗ.
ನಮ್ಮತ್ತಿ ಏನೂ ಅನಲಿಲ್ಲ.
ಅಂದಿದ್ರ ಹಗರ ಆಗತಿತ್ತು.

ಆಮ್ಯಾಲ ಒವನ್ ಬಂತು, ಯಾರೋ ಬಳಸಿ ಬಿಟ್ಟದ್ದು,
ರಾಣೆಬೆನ್ನೂರಿಂದ ಬಸ್ಸಿನ್ಯಾಗ, ನನ್ನ ತೊಡಿ ಮ್ಯಾಲ.
ಕಂಡಕ್ಟರ್ ಅದಕ್ಕೂ ಅರ್ಧ ಟಿಕೀಟು ಹರದ.

ಬ್ಯಾಡಗ್ಯಾಗ ಸೋಮಾರ, ಗುರುವಾರ
ಪ್ಯಾಟಿಗೆ ಮೆಣಸಿನಕಾಯಿ ಬರೂ ದಿನ.
ಗಾಳಿಗೇ ಒಗ್ಗರಣಿ ಹಾಕಿದಂಗ ಇರತೈತಿ.
ಗೊತ್ತಿಲ್ಲದ ಸೋಮಾರ ಕ್ರೀಮ್ ಕಡ್ಯಾಕ ಕುಂತೆ,
ಏಳು ಸೀನು ತಡದೆ,
ಎಂಟನೇದಕ್ಕ ಬಟ್ಟಲಾ ಕೈ ಬಿಡ್ತು.
ಗ್ವಾಡಿಗೆ ಬಿದ್ದ ಹೂವು
ನಾ ಕೇಕಿನ ಮ್ಯಾಲ ತಗದ ಹೂವಿಗಿಂತ ಚಂದಿತ್ತು.

ನಾನಖಟಾಯಿ ಕಲಿಸಿದಾಕಿ ಖುತೇಜಾಬಿ.
ಸಣ್ಣಾಕಿ ಇದ್ದಾಗ ರಂಜಾನಿನ್ಯಾಗ
ತಾಟು ಹೊತಗೊಂಡು ಭಟ್ಟಿಗೆ ಹೋಗತಿದ್ದಳಂತ.
ಊರ ಮಂದೀದೆಲ್ಲಾ ಒಂದ ಭಟ್ಟಿ,
ಕಲಿಬಾರದಂತ ಒಬ್ಬೊಬ್ಬರದು ಒಂದೊಂದು ಗುರ್ತು.
ಅವರ ಮನೀದು ಎರಡು ಗೀರು.
‘ನಿನ್ನ ಒಲಿ ನಿಂದ ಅಲಾ, ಗೀರು ಯಾಕ ಎಳಿತೀ?’ ಅಂತಾಳ.
ನಾ ಎಳಿಯೂದು ಬಿಟ್ಟಿಲ್ಲ.

ಸಿಹಿ ಸಾಕಾಗಿ ಖಾರಕ್ಕ ಇಳದೆ:
ಜ್ವಾಳದ ಹಿಟ್ಟು, ಗುರೆಳ್ಳು, ಅಜಿವಾನ, ಕರಿಬೇವು.
ತಕ್ಕಡ್ಯಾಗ ಗ್ರಾಂ ಗ್ರಾಂ ತೂಗಿದೆ.
ಬಿಸ್ಕೀಟು ಬಾಯಿಗೆ ಬರೂದರಾಗ ಬೂದಿ.
ಮೂರು ಸಲ ಬೂದಿ ಆದ ಮ್ಯಾಲ
ಕಟ್ಟಿ ಮ್ಯಾಲಿಂದ ನಮ್ಮತ್ತಿ ಬಾಯಿ ತಗದಳು:
‘ಎಸರು ಹೊಯ್ದು ನಾದು. ಜ್ವಾಳಕ್ಕ ಜಿಗಿ ಎಲ್ಲಿಂದ ಬರಬೇಕು ಮತ್ತ?’
ಎಷ್ಟು ಎಸರು, ಅತ್ತಿ?
‘ಹಿಟ್ಟು ಸಾಕಂದಾಗ ಸಾಕು.’
ನಾ ವಹ್ಯಾಗ ಅದನ್ನ ಹಂಗ ಬರಕೊಂಡೆ.

ಬ್ರೆಡ್ ಮಾತ್ರ ಆಕಿಗೆ ಆಗೂದಿಲ್ಲ.
ಬ್ರೆಡ್ ಅಂದ್ರ ದವಾಖಾನಿ, ಬ್ರೆಡ್ ಅಂದ್ರ ಜ್ವರ.
ತಳ ಬಡದ್ರ ಪೊಳ್ಳು ಸಪ್ಪಳ ಬರಬೇಕಂತ, ಆಗ ಬೆಂದಂಗ.
ಬಡದೆ. ನನಗೇನೂ ತಿಳೀಲಿಲ್ಲ.
ಆಕಿ ಕಸಗೊಂಡಳು,
ಸಂತ್ಯಾಗ ಗಡಿಗಿ ನೋಡೂ ಬಳ್ಳಿಂದ ಒಂದ ಪೆಟ್ಟು,
ಕಿವಿ ಹಚ್ಚಿ ಕೇಳಿದಳು.
‘ಇನ್ನ ಐದು ಮಿನಿಟು ಇಡು.’
ತಿನ್ನು ಅಂದ್ರ, ‘ನನಗೇನ ಜ್ವರ ಬಂದಾವೇನ?’
ಮುಂಜಾನೆ ನೋಡಿದ್ರ ಒಂದ ಮೂಲಿ ಇಲ್ಲ,
ತಾಟಿನ ಅಂಚಿಗೆ ಕೆಂಪನ ರಂಜಕ.
ಇಲಿ ರಂಜಕ ಹಚಗೊಂಡು ತಿಂತಾವೇನ್ರಿ?

ಇನ್ನ ಕೆರಿ ಕೇಕಿನ ಮಾತು.
ಮೆಣಸಿನಕಾಯಿ ತೊಟ್ಟು ಮುರಿಯೂ ಸಾವಂತ್ರಿ
ಹ್ವಾದ ವರ್ಷ ಮಗನ ಹುಟ್ಟಹಬ್ಬಕ್ಕ ಹೇಳಿದ್ದಳು.
ತತ್ತಿ ಇಲ್ಲ; ಮೊಸರು, ಸೋಡಾ, ನಾಕ ಹನಿ ಲಿಂಬಿಹುಳಿ.
ಉಬ್ಬಿ ಬಂದಿತ್ತು, ತವರಿಗೆ ಹೊಂಟಾಕೀ ಮಾರಿಯಂಗ.
ಇಪ್ಪತ್ತೆರಡನೇ ಮಿನಿಟಿಗೆ ಕರೆಂಟು ಹೋತು.
ಕತ್ತಲದಾಗ ಕೇಕು ಕುಂತಿತು, ಅದರ ಮುಂದ ನಾನೂ ಕುಂತೆ.
ನಡುವ ಬಿದ್ದ ಕುಳ್ಯಾಗ
ಮಧ್ಯಾಹ್ನ ಉಳದ ಸೀಕರಣಿ ಸುರದು
ಮಾರಿ ಬಾಡಿಸಿಕೊಂಡು ಒಯ್ದು ಕೊಟ್ಟೆ.
ಕೊಟ್ರೇಶಿ ನೋಡಿ ಕುಣದ: ‘ಕೆರಿ ಐತಿ! ಇದರಾಗ ಕೆರಿ ಐತಿ!’

ಈ ವರ್ಷ ಅವಗ ಅದ ಬೇಕು. ಮತ್ತೊಂದು ಒಲ್ಲ.
ಸಾವಂತ್ರಿ ಕೊಟ್ಟ ನೋಟು ಮೂಗಿನ ಹತ್ರ ಹಿಡದ್ರ
ಕಣ್ಣಾಗ ನೀರು, ಅಷ್ಟ ಖಾರ.
ಬೇಕಂತ ಕುಸಿಯೂ ಕೇಕಿನ ಅಳತಿ ಯಾರ ಕೊಡತಾರ?
ಸೋಡಾ ಕಡಿಮಿ ಮಾಡಿದೆ, ಗಟ್ಟಿ ಆತು.
ಜಾಸ್ತಿ ಮಾಡಿದೆ, ಒಡದು ಗುಡ್ಡ ಆತು.
ಇವತ್ತು ಕಡೀದು, ಒಲಿಯೊಳಗ ಐತಿ,
ಏರಾಕತ್ತೈತಿ, ಏರಾಕತ್ತೈತಿ,
ಇಷ್ಟು ನೆಟ್ಟಗ ಹಿಂದ ಎಂದೂ ಏರಿಲ್ಲ,
ಹೆಸ್ಕಾಂನವರು ಇವತ್ತು ಕಣ್ಣು ಸೈತ ಮಿಟುಕಿಸವಲ್ಲರು.

ಹಿಂದ ಬಂದು ನಿಂತಾಳ ನಮ್ಮತ್ತಿ.
‘ಎಷ್ಟ ಮಿನಿಟು ಆತು?’
ಇಪ್ಪತ್ತೊಂದು.
‘ಮತ್ತ ನೋಡ್ಕೋತ ನಿಂತೀಯಲ್ಲ,
ಬಟನ್ ಎಲ್ಲೈತಿ ತೋರಸು.’